ಗಂಧ ಹಚ್ಚದ ಪ್ರತಿ

ಹೋದ ತಿಂಗಳು ಮಟ್ಟಾಂಚೇರಿಯಲ್ಲಿ ದೋಣಿ ಇಳಿದು ಮಸಾಲೆ ಅಂಗಡಿಗಳ ಸಾಲಿನಲ್ಲಿ ನಡೆಯುತ್ತಿದ್ದೆ. ಜತೆಯಲ್ಲಿ ನನ್ನ ಕಾಲೇಜಿನ ಸಹೋದ್ಯೋಗಿ ಇದ್ದಳು. ಅವಳಿಗೆ ಒಣಶುಂಠಿ ಬೇಕಿತ್ತು, ನನಗೆ ಏನೂ ಬೇಕಿರಲಿಲ್ಲ. ಒಂದು ಅಂಗಡಿಯ ಮುಂದೆ ಬಾಯಿ ಬಿಚ್ಚಿಟ್ಟಿದ್ದ ಗೋಣಿಚೀಲದಿಂದ ಒಂದು ವಾಸನೆ ಬಂತು. ಮೆಣಸಿನದಲ್ಲ, ಏಲಕ್ಕಿಯದಲ್ಲ. ಘಾಟು, ಸ್ವಲ್ಪ ಕಹಿ, ಹಳೆಯ ಕಪಾಟಿನ ಬಾಗಿಲು ತೆಗೆದಾಗ ಮುಖಕ್ಕೆ ಬಡಿಯುವಂಥದ್ದು… ನಿಂತುಬಿಟ್ಟೆ. ಗಂಟುಗಂಟಾದ ಕಂದು ಬೇರುಗಳು. ಬಜೆ.

“ವಯಂಬಾಣ್. ಕುಞ್ಞಿನಾಣೋ ಚೇಚ್ಚೀ?” ಎಂದ ಅಂಗಡಿಯವನು. ಇದು ಬಜೆ, ಮಗುವಿಗಾ ಎಂದು ಕೇಳಿದ್ದು. ಮಗುವಿಗೆ ಮಾತು ಬೇಗ ಬರಲಿ ಎಂದು ಬಜೆ ತೇಯ್ದು ನಾಲಿಗೆಗೆ ಹಚ್ಚುವ ರೂಢಿ ಇಲ್ಲೂ ಇದೆ, ನಮ್ಮ ಕಡೆಯೂ ಇದೆ.

ಅಲ್ಲ, ಪುಸ್ತಕಕ್ಕೆ ಎಂದೆ. ಅವನು ನಕ್ಕ. ಪುಸ್ತಕಕ್ಕೆ ಹುಳ ಬರದ ಹಾಗೆ ಕಪಾಟಿನಲ್ಲಿ ಇಡುತ್ತಾರೆ ಎಂದು ವಿವರಿಸಿದೆ. ಯಾವ ಪುಸ್ತಕ ಎಂದು ಸಹೋದ್ಯೋಗಿ ಕೇಳಿದಳು. ಪುರಾಣ, ಉಪನಿಷತ್ತು, ಬೇರೆ ಧರ್ಮದವರ ಗ್ರಂಥಗಳು ಎಂದೆ. ನಮ್ಮ ಫ್ಲ್ಯಾಟಿನಲ್ಲಿ ನಾನು ದೀಪ ಹಚ್ಚುವುದಿಲ್ಲ ಎಂಬುದು ಅವಳಿಗೆ ಗೊತ್ತು. “ವಿಶ್ವಾಸಮಿಲ್ಲಲ್ಲೋ. ಪಿನ್ನೆ ಎಂದಿನಾ ವಾಯಿಕ್ಕುನ್ನೆ?” ಎಂದಳು. ನಂಬಿಕೆ ಇಲ್ಲವಲ್ಲ, ಮತ್ತೇಕೆ ಓದುವುದು?

ಅವಳ ದನಿಯಲ್ಲಿ ಕುಹಕವಿರಲಿಲ್ಲ. ಆದರೂ ನನಗೆ ಕಿವಿ ಬಿಸಿಯಾಯಿತು. ಈ ಪ್ರಶ್ನೆಯನ್ನು ನನಗಿಂತ ಮೊದಲು ಬೇರೊಬ್ಬರಿಗೆ ಕೇಳಿದ್ದನ್ನು ನಾನು ಕಂಡಿದ್ದೆ. ಅವರು ಕೊಟ್ಟ ಉತ್ತರವೂ ನೆನಪಿತ್ತು. ಅಂಗಡಿಯ ಮುಂದೆ ನಿಂತು ಹೇಳಿ ಮುಗಿಸುವಂಥದ್ದಲ್ಲ ಅದು. ಬಜೆ ಕಟ್ಟಿಸಿಕೊಂಡು ದೋಣಿ ಹತ್ತಿದೆ.

ನಾನು ಅವರನ್ನು ಕಾಕೂ ಎನ್ನುತ್ತಿದ್ದೆ. ತಿರುವನಂತಪುರದಲ್ಲಿ ನಮ್ಮ ಬಾಡಿಗೆಮನೆಯ ಮಹಡಿಯಲ್ಲಿದ್ದವರು. ಅಪ್ಪನಿಗೆ ಬ್ಯಾಂಕಿನಲ್ಲಿ ವರ್ಗವಾಗಿ ನಾವು ಮೈಸೂರಿನಿಂದ ಅಲ್ಲಿಗೆ ಹೋದಾಗ, ಮನೆ ಮಾಲೀಕರು “ಮೇಲೆ ನಿಮ್ಮ ಭಾಷೆಯವರೇ ಇದ್ದಾರೆ” ಎಂದು ದೊಡ್ಡ ಉಪಕಾರ ಮಾಡಿದವರಂತೆ ಹೇಳಿದ್ದರು. ಮೊದಲ ದಿನ ನಾನು ಆಂಟೀ ಎಂದು ಕರೆದೆ. “ಆಂಟಿ ಗೀಂಟಿ ಬ್ಯಾಡ. ಕಾಕೂ ಅನ್ನು. ಧಾರವಾಡದಾಗ ಹಂಗ ಅಂತಾರ” ಎಂದರು. ಮಾಲೀಕರ ಮಕ್ಕಳಿಗೆ ಇದು ನಗುವಿನ ವಿಷಯವಾಯಿತು, ಮಲಯಾಳದಲ್ಲಿ ಕಾಗೆಗೆ ಕಾಕ್ಕ ಎನ್ನುತ್ತಾರಲ್ಲ. ಕಾಕೂಗೆ ಅದು ತಿಳಿದಾಗ ಅವರು ನಮ್ಮೆಲ್ಲರಿಗಿಂತ ಹೆಚ್ಚು ನಕ್ಕರು. “ಛಲೋನ ಆತು. ನಾಳೆ ನಿಮ್ಮ ಶ್ರಾದ್ಧದ ಪಿಂಡಕ್ಕ ನಾನs ಬರಬೇಕು, ಬಾಗಲಾ ತಗೀರಿ.”

ಅವರು ಬಾಹ್ಯಾಕಾಶ ಸಂಸ್ಥೆಯೊಂದರಲ್ಲಿ ವಿಜ್ಞಾನಿ. ಮದುವೆಯಾಗಿರಲಿಲ್ಲ. ಮನೆಯಲ್ಲಿ ದೇವರ ಪಟವಿರಲಿಲ್ಲ, ಆದರೆ ಗೋಡೆಗೆ ಗೋಡೆಯೇ ಧರ್ಮಗ್ರಂಥಗಳಿದ್ದವು. ಸಂಸ್ಕೃತದವು, ಕನ್ನಡದವು, ಇಂಗ್ಲಿಷಿಗೆ ಅನುವಾದವಾಗಿ ಬಂದ ಬೇರೆ ದೇಶಗಳವು. ಕಪಾಟು ತೆಗೆದರೆ ಬಜೆಯ ವಾಸನೆ. ಸಂಜೆ ಕಚೇರಿಯಿಂದ ಬಂದು ಕಾಲು ತೊಳೆದು, ಚಹಾ ಹಿಡಿದು, ಒಂದು ಪುಸ್ತಕ ತೆಗೆದು ಗಟ್ಟಿಯಾಗಿ ಓದುತ್ತಿದ್ದರು. ಮಾಲೀಕರ ಹೆಂಡತಿ ಇವರನ್ನು ಮಹಾ ಭಕ್ತೆ ಎಂದು ತಿಳಿದು ಕರ್ಕಟಕ ಮಾಸದಲ್ಲಿ ತಮ್ಮ ಮನೆಯ ದೀಪದ ಮುಂದೆ ರಾಮಕಥೆ ಓದಲು ಕರೆದರು. ಕಾಕೂ ಹೋದರು, ತಪ್ಪಿಲ್ಲದ ಮಲಯಾಳದಲ್ಲಿ ಓದಿದರು, ಮುಗಿಸಿ ಎದ್ದವರು “ಕವಿ ಭಾಳ ಶಾಣ್ಯಾ ಇದ್ದಾನ, ರಾಜಾಂದು ಮಾತ್ರ ತಪ್ಪು” ಎಂದು ಕನ್ನಡದಲ್ಲಿ ನನ್ನ ಕಿವಿಗೆ ಹೇಳಿ ಹೊರಟರು. ಹಾಗೆಂದು ನನಗೆ ನೆನಪು. ಮಾಲೀಕರ ಹೆಂಡತಿಗೇ ಹೇಳಿದರು ಎಂದು ಅಮ್ಮ ಅನ್ನುತ್ತಾಳೆ. ಇರಬಹುದು. ನನ್ನ ನೆನಪು ಕಾಕೂವನ್ನು ಅವರು ಇದ್ದದ್ದಕ್ಕಿಂತ ಸ್ವಲ್ಪ ಮೆತ್ತಗೆ ಮಾಡುತ್ತದೆ ಎಂಬ ಅನುಮಾನ ನನಗೆ ಮೊದಲಿನಿಂದಲೂ ಇದೆ.

ಯಾಕೆ ಓದುತ್ತೀರಿ ಎಂದು ನಾನೂ ಒಮ್ಮೆ ಕೇಳಿದ್ದೆ. ಆಗ ನಾನು ಡಿಗ್ರಿ ಮೊದಲ ವರ್ಷದಲ್ಲಿದ್ದೆ, ದೇವರಿಲ್ಲ ಎಂದು ಹೊಸದಾಗಿ ತೀರ್ಮಾನಿಸಿದ್ದೆ. ಜೊತೆಗೆ ಈ ಪುಸ್ತಕಗಳನ್ನು ಮುಟ್ಟುವುದೂ ಅವಮಾನ ಎಂದುಕೊಂಡಿದ್ದೆ. ಕಾಕೂ ನನ್ನನ್ನು ಅಡುಗೆಮನೆಗೆ ಕರೆದು, ಬದನೆಕಾಯಿ ಹೆಚ್ಚುತ್ತ ತಮ್ಮ ಸೋದರತ್ತೆಯ ಕಥೆ ಹೇಳಿದರು. ಬಾಲ್ಯದಲ್ಲೇ ಗಂಡ ತೀರಿಕೊಂಡವಳು. ಬೋಳು ತಲೆ, ಕೆಂಪು ಸೀರೆ. ಹಬ್ಬದ ದಿನ ಹಿತ್ತಲ ಕೋಣೆ ಬಿಟ್ಟು ಹೊರಗೆ ಬರುವಂತಿರಲಿಲ್ಲ. ಯಾಕೆ ಎಂದು ಚಿಕ್ಕವರಾಗಿದ್ದಾಗ ಕಾಕೂ ಕೇಳಿದರೆ ಮನೆಯವರೆಲ್ಲ ಒಂದೇ ಮಾತು ಹೇಳುತ್ತಿದ್ದರಂತೆ: ಶಾಸ್ತ್ರದಾಗ ಅದ.

“ಎಲ್ಲಿ ಅದ ಅಂತ ಕೇಳಿದೆ. ಯಾರೂ ಹಾಳಿ ತೋರಸಲಿಲ್ಲ. ಅವರು ಯಾರೂ ಓದಿದ್ದಿಲ್ಲ. ಓದಲಾರದವರೆಲ್ಲಾ ಕೂಡಿ ನಮ್ಮತ್ತಿ ತಲಿ ಬೋಳಿಸಿದ್ರು. ಆವತ್ತs ಅಂದ್ಕೊಂಡೆ, ಇದನ್ನ ನಾ ಓದತೀನಿ ಅಂತ.”

“ಓದಿದ್ಮೇಲೆ ಸಿಕ್ತಾ?”

“ಕೆಲವು ಕಡೆ ಇತ್ತು, ಕೆಲವು ಕಡೆ ಇದ್ದಿಲ್ಲ, ಕೆಲವು ಕಡೆ ಅದಕ್ಕಿಂತ ಕೆಟ್ಟದ್ದು ಇತ್ತು. ಮತ್ತ ಕೆಲವು ಕಡೆ… ಏ ಹುಡುಗೀ, ಎಷ್ಟು ಛಲೋ ಬರದಾರ ಅಂದ್ರ, ಓದಿ ಅತ್ತೇನಿ. ನಂಬಿಕಿ ಇಲ್ಲದವರಿಗೆ ಕಿವಿ ಇರೂದಿಲ್ಲೇನು?”

ಕಚೇರಿಯಲ್ಲೂ ಅವರ ಕೆಲಸದ ರೀತಿ ಇದೇ ಆಗಿತ್ತು. ಒಂದು ಪರೀಕ್ಷೆ ಎಣಿಸಿದಂತೆ ನಡೆಯದಿದ್ದರೆ ಯಾರದೋ ಸಾರಾಂಶವನ್ನು ಅವರು ಓದುತ್ತಿರಲಿಲ್ಲವಂತೆ. ಯಂತ್ರ ದಾಖಲಿಸಿದ ಮೂಲ ಅಂಕಿಗಳನ್ನು ಮುಂದಿಟ್ಟುಕೊಂಡು ಕೂರುತ್ತಿದ್ದರು. ಹಿಂದಿನವರು ಏನು ಅಂದರು ಎಂಬುದು ಆಮೇಲೆ. ಮೊದಲು ಹಾಳೆ.

ಆಗ ತಿರುವನಂತಪುರದಲ್ಲಿದ್ದ ಕೆಲವು ಕನ್ನಡ ಮನೆಗಳವರು ಶನಿವಾರ ಸಂಜೆ ಸೇರಿ ಪುರಾಣ ಪಾರಾಯಣ ಮಾಡುತ್ತಿದ್ದರು. ಬ್ಯಾಂಕಿನವರು, ಕೇಂದ್ರ ಸರ್ಕಾರದ ಕಚೇರಿಗಳವರು, ಕಾಕೂ ಅವರ ಸಂಸ್ಥೆಯವರು. ಒಂದೊಂದು ವಾರ ಒಂದೊಂದು ಮನೆ. ಷಟ್ಪದಿಯಲ್ಲಿದ್ದ ದೊಡ್ಡ ಗ್ರಂಥ. ಅದನ್ನು ವ್ಯಾಸಪೀಠದ ಮೇಲಿಟ್ಟು, ಗಂಧ ಕುಂಕುಮ ಹಚ್ಚಿ, ಹೂವೇರಿಸಿ ಓದಲು ಶುರುಮಾಡುವುದು. ಓದುತ್ತಿದ್ದವಳು ನನ್ನ ಅಮ್ಮ. ಮಾತಾಡುವಾಗ ಅಮ್ಮನ ದನಿ ಸಾಧಾರಣ. ಷಟ್ಪದಿಗೆ ಬಂದರೆ ಅದು ಎಲ್ಲಿಂದಲೋ ಬೇರೆಯದೇ ಆಗುತ್ತಿತ್ತು. ಆ ಊರಿನಲ್ಲಿ ಅಮ್ಮನಿಗೆ ಭಾಷೆ ಬರುತ್ತಿರಲಿಲ್ಲ, ಕೆಲಸವಿರಲಿಲ್ಲ, ಸ್ನೇಹಿತರಿರಲಿಲ್ಲ. ವಾರದಲ್ಲಿ ಆ ಒಂದು ಸಂಜೆ ಎಲ್ಲರೂ ಅವಳ ಬಾಯಿ ನೋಡುತ್ತ ಕೂರುತ್ತಿದ್ದರು.

ಪಾರಾಯಣದ ಯಜಮಾನಿಕೆ ಉಡುಪಿ ಕಡೆಯ ಒಬ್ಬ ಹಿರಿಯರದು. ಕೇಂದ್ರ ಕಚೇರಿಯಲ್ಲಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾದವರು, ನಾವೆಲ್ಲ ಸೂಪರಿಂಟೆಂಡೆಂಟ್ ಮಾವ ಎನ್ನುತ್ತಿದ್ದೆವು. ಒಳ್ಳೆಯವರು. ಇದನ್ನು ಬೇಕೆಂದೇ ಬರೆಯುತ್ತಿದ್ದೇನೆ. ಅವರನ್ನು ದುಷ್ಟರನ್ನಾಗಿ ಮಾಡಿದರೆ ಈ ಬರಹ ಸಲೀಸಾಗುತ್ತಿತ್ತು, ಆದರೆ ನನಗೆ ಜ್ವರ ಬಂದಾಗ ಆಸ್ಪತ್ರೆಗೆ ತಮ್ಮ ಕಾರಿನಲ್ಲಿ ಕರೆದೊಯ್ದವರು ಅವರೇ.

ಕಾಕೂ ಪ್ರತಿ ಶನಿವಾರ ಬರುತ್ತಿದ್ದರು. ಹಿಂದೆ ಗೋಡೆಗೆ ಒರಗಿ ಕೂತು, ಅದೇ ಗ್ರಂಥದ ತಮ್ಮ ಪ್ರತಿಯನ್ನು ತೊಡೆಯ ಮೇಲಿಟ್ಟುಕೊಂಡು ಅಮ್ಮನ ಓದನ್ನು ಹಿಂಬಾಲಿಸುತ್ತಿದ್ದರು. ಎರಡೂ ಪ್ರತಿಗಳು ಯಾರೋ ಊರಿನಿಂದ ತಂದ ಒಂದೇ ಕಟ್ಟಿನವು. ಕೈಮುಗಿಯುತ್ತಿರಲಿಲ್ಲ. ಆರತಿ ಬಂದರೆ ತಟ್ಟೆಯನ್ನು ಪಕ್ಕದವರಿಗೆ ದಾಟಿಸುತ್ತಿದ್ದರು. ಕೊನೆಯಲ್ಲಿ ಕೇಸರಿಬಾತನ್ನು ಮಾತ್ರ ಎರಡು ಸಲ ಹಾಕಿಸಿಕೊಳ್ಳುತ್ತಿದ್ದರು.

“ದೇವರ ಮೇಲೆ ನಂಬಿಕೆ ಇಲ್ಲ, ಪ್ರಸಾದ ಮಾತ್ರ ಬೇಕಾ?” ಎಂದು ಸೂಪರಿಂಟೆಂಡೆಂಟ್ ಮಾವ ಕೆಣಕುತ್ತಿದ್ದರು.

“ದೇವರನ್ನ ನಂಬೂದಿಲ್ರೀ. ಶಿರಾ ನಂಬತೀನಿ. ಇದು ಕಣ್ಣಿಗೆ ಕಾಣಸ್ತದ.”

ಎಲ್ಲರೂ ನಗುತ್ತಿದ್ದರು. ಆಗ ಎಲ್ಲವೂ ನಗುವಿನ ವಿಷಯವೇ ಆಗಿತ್ತು.

ನಾನು ಎರಡನೆಯ ವರ್ಷದಲ್ಲಿದ್ದಾಗ ಅಪ್ಪ ಬ್ಯಾಂಕಿನಲ್ಲೇ ಕುಸಿದರು. ಅದರ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಮೈಸೂರಿಗೆ ಹೋಗಿ ಕರ್ಮಗಳನ್ನು ಮುಗಿಸಿ, ನನ್ನ ಓದಿಗಾಗಿ ಅಮ್ಮ ಮತ್ತೆ ತಿರುವನಂತಪುರಕ್ಕೇ ಬಂದಳು. ಬ್ಯಾಂಕು ಅವಳಿಗೆ ಒಂದು ಕೆಲಸ ಕೊಟ್ಟಿತು. ಕೆಲವು ತಿಂಗಳ ಮೇಲೆ, ಒಂದು ಶನಿವಾರ, ಅವಳು ಸೀರೆ ಉಟ್ಟು, ಹಣೆಗೆ ಏನೂ ಇಡದೆ, “ಬಾ, ಪಾರಾಯಣಕ್ಕೆ ಹೋಗೋಣ” ಎಂದಳು. ಅವತ್ತು ಅವಳ ಮುಖದಲ್ಲಿ ಬಹಳ ದಿನಗಳ ಮೇಲೆ ಸ್ವಲ್ಪ ಜೀವವಿತ್ತು. ಕಾಕೂ, ಅಮ್ಮ, ನಾನು ಒಂದೇ ಆಟೋದಲ್ಲಿ ಹೋದೆವು.

ಅಮ್ಮ ಎಂದಿನಂತೆ ವ್ಯಾಸಪೀಠದ ಹತ್ತಿರ ಹೋದಳು. ಸೂಪರಿಂಟೆಂಡೆಂಟ್ ಮಾವ ಎದ್ದು ನಿಂತರು. ಅವರ ದನಿ ನಿಜವಾಗಿಯೂ ನೊಂದಿತ್ತು.

“ಅಮ್ಮಾ, ನೀವು ಇಲ್ಲಿ ಬೇಡ. ಆಚೆ ಕೂತು ಕೇಳಿ ಆಯ್ತಾ. ಶಾಸ್ತ್ರದಲ್ಲಿ ಹಾಗೆ ಉಂಟಲ್ಲ, ನಾನು ಎಂತ ಮಾಡುದು?”

ಅಮ್ಮ ತಲೆಯಾಡಿಸಿ, ಹಿಂದೆ ಬಂದು ಕಾಕೂ ಪಕ್ಕ ಗೋಡೆಗೆ ಒರಗಿ ಕೂತಳು. ಬೇರೆ ಯಾರೋ ತಡವರಿಸುತ್ತ ಓದಲು ಶುರುಮಾಡಿದರು. ಅಮ್ಮನ ತುಟಿಗಳು ಸುಮ್ಮನೆ ಅಲುಗುತ್ತಿದ್ದವು… ಅವಳಿಗೆ ಆ ಭಾಗ ಬಾಯಿಪಾಠ.

ಆ ವಾರವಿಡೀ ಅಮ್ಮ ಮನೆಯಲ್ಲೂ ಓದಲಿಲ್ಲ. ಬೆಳಿಗ್ಗೆ ಹೇಳಿಕೊಳ್ಳುತ್ತಿದ್ದ ಸ್ತೋತ್ರವನ್ನೂ ಬಿಟ್ಟಳು. ಕಾಕೂ ಒಂದೆರಡು ಸಲ ಇಳಿದು ಬಂದು ಬಾಗಿಲಲ್ಲಿ ನಿಂತು ಹೋದರು. ಏನಾದರೂ ಹೇಳಿ ಎಂದು ನಾನು ಕಣ್ಣಲ್ಲೇ ಕೇಳಿದೆ. “ತಡಿ, ನೋಡ್ಲಿಕತ್ತೇನಿ” ಎಂದರು ಅಷ್ಟೇ.

ಮುಂದಿನ ಶನಿವಾರ ಅಮ್ಮ ಬರುವುದಿಲ್ಲ ಎಂದಳು. ಕಾಕೂ ಕೇಳಲಿಲ್ಲ. “ಶಿರಾ ತಿನ್ನಾಕರೆ ಬರ್ರಿ” ಎಂದು ಎಳೆದುಕೊಂಡೇ ಹೋದರು. ಗ್ರಂಥಕ್ಕೆ ಗಂಧ ಹಚ್ಚಿ, ಹೂವಿಟ್ಟು, ಇನ್ನೇನು ಓದು ಶುರುವಾಗಬೇಕು, ಆಗ ಕಾಕೂ ಹಿಂದಿನಿಂದ ಕೇಳಿದರು.

“ಹ್ವಾದ ವಾರ ಶಾಸ್ತ್ರದಾಗ ಅದ ಅಂದ್ರೆಲ್ಲಾ, ಎಲ್ಲಿ ಅದ್ರೀ? ಹಾಳಿ ತೋರಸ್ರಿ.”

ಸೂಪರಿಂಟೆಂಡೆಂಟ್ ಮಾವನಿಗೆ ಸಿಟ್ಟೇನೂ ಬರಲಿಲ್ಲ. ತೋರಿಸಬಲ್ಲೆ ಎಂಬ ಭರವಸೆ ಅವರಿಗಿತ್ತು. ಪೀಠದ ಮೇಲಿನ ಗ್ರಂಥದ ಹೊದಿಕೆ ತೆರೆದು, ಪಾರಾಯಣದ ನಿಯಮಗಳು ಎಂದು ಅಚ್ಚಾಗಿದ್ದ ಪುಟಕ್ಕೆ ಬೆರಳಿಟ್ಟರು. ಸ್ನಾನ ಮಾಡಿರಬೇಕು, ಪೂರ್ವಕ್ಕೆ ಮುಖ ಮಾಡಿ ಕೂರಬೇಕು, ಇತ್ಯಾದಿ. ಕೊನೆಯಲ್ಲಿ, ಸುಮಂಗಲಿಯರಲ್ಲದ ಸ್ತ್ರೀಯರು ಪೀಠದ ಮುಂದೆ ಕೂತು ಓದತಕ್ಕದ್ದಲ್ಲ. ಗಟ್ಟಿಯಾಗಿ ಓದಿ ಹೇಳಿ, “ಗ್ರಂಥದಲ್ಲೇ ಉಂಟಲ್ಲ” ಎಂದರು.

“ಉಂಟು. ಆ ಹಾಳಿ ಹೊಳ್ಳಸ್ರಿ.”

ಮಾವ ಹಾಳೆ ತಿರುವಲು ನೋಡಿದರು. ಬರಲಿಲ್ಲ. ವಾರವಾರವೂ ಗ್ರಂಥಪೂಜೆ ಮಾಡಿ ಮಾಡಿ, ಒದ್ದೆ ಗಂಧ ಇಳಿದು, ಮೊದಲ ಹಾಳೆಗಳು ಒಂದಕ್ಕೊಂದು ಅಂಟಿ ರಟ್ಟಿನ ಹಾಗೆ ಗಟ್ಟಿಯಾಗಿದ್ದವು. ನಿಯಮಗಳ ಪುಟ ಕಾಣುತ್ತಿತ್ತು, ಅದರ ಬೆನ್ನು ಯಾರಿಗೂ ಕಂಡಿರಲಿಲ್ಲ. ಬಲವಂತ ಮಾಡಿದರೆ ಹರಿಯುತ್ತದೆ. ಪೂಜೆಯ ಪುಸ್ತಕವನ್ನು ಹರಿಯಲು ಯಾರಿಗೆ ಧೈರ್ಯ?

ಕಾಕೂ ತಮ್ಮ ಪ್ರತಿಯನ್ನು ತೆಗೆದುಕೊಂಡು ಮುಂದೆ ಬಂದರು. ಯಾವತ್ತೂ ಗಂಧ ಕಾಣದ ಪ್ರತಿ. ಹಾಳೆ ಸಲೀಸಾಗಿ ತಿರುಗಿತು. ಹಿಂಬದಿಯಲ್ಲಿ, ತಮ್ಮ ತಂದೆಯ ನೆನಪಿಗಾಗಿ ಈ ಗ್ರಂಥವನ್ನು ಮರುಮುದ್ರಿಸಿ ಹಂಚಿದ ಜವಳಿ ವ್ಯಾಪಾರಿಯೊಬ್ಬರ ಬಿನ್ನಹ. ಮೇಲಿನ ನಿಯಮಗಳು ಮೂಲ ಗ್ರಂಥದಲ್ಲಿಲ್ಲ, ನಮ್ಮ ಮನೆತನದ ರೂಢಿಯಂತೆ ನಾವೇ ಬರೆದು ಸೇರಿಸಿದ್ದೇವೆ ಎಂದು ಅವರು ಪ್ರಾಮಾಣಿಕವಾಗಿ ಹೇಳಿಕೊಂಡಿದ್ದರು. ಅದರ ಕೆಳಗೆ, ಮದುವೆ ಸೀರೆಗಳಿಗೆ ನಮ್ಮ ಅಂಗಡಿಗೇ ಬನ್ನಿ ಎಂಬ ಜಾಹೀರಾತು.

ಕಾಕೂ ಎಲ್ಲವನ್ನೂ ಓದಿದರು. ಜಾಹೀರಾತನ್ನೂ ಬಿಡಲಿಲ್ಲ. “ಇದೂ ಶಾಸ್ತ್ರ ಏನ್ರೀ? ಹಂಗಾದ್ರ ಎಲ್ಲಾರೂ ಸೀರಿ ತರಾಕ ಹೋಗೂಣು.”

ಯಾರೋ ಕಿಸಕ್ಕೆಂದರು. ಮಾವನ ಮುಖ ಕೆಂಪಾಯಿತು. ಅಲ್ಲಿಗೆ ಮುಗಿಯಬಹುದಿತ್ತು. ಆದರೆ ಮಾವ ದಡ್ಡರಲ್ಲ, ಒಂದು ಒಳ್ಳೆಯ ಪ್ರಶ್ನೆ ಕೇಳಿದರು.

“ಆಯ್ತು. ಮೂಲದಲ್ಲೇ ಇದ್ದಿದ್ದರೆ? ನೀವು ಒಪ್ತಿದ್ರಾ?”

“ಇಲ್ಲ.”

“ಮತ್ತೆ ಹಾಳೆ ತೋರಿಸಿ ಎಂತ ಪ್ರಯೋಜನ? ನಂಬುದಿಲ್ಲ, ಒಪ್ಪುದಿಲ್ಲ, ನಿಮಗೆ ಈ ಪುಸ್ತಕದಲ್ಲಿ ಎಂತ ಕೆಲಸ?”

ಕಾಕೂ ಪುಸ್ತಕ ಮುಚ್ಚಲಿಲ್ಲ. ಬೆರಳನ್ನು ಹಾಳೆಗಳ ನಡುವೆಯೇ ಇಟ್ಟುಕೊಂಡು ಹೇಳಿದರು.

“ಯಾರ ಕೂಡ ಜಗಳ ಅಂತ ಗೊತ್ತಾಗಬೇಕಲ್ರೀ. ದೇವರ ಕೂಡೋ, ಋಷಿ ಕೂಡೋ, ಸೀರಿ ಅಂಗಡಿಯವನ ಕೂಡೋ. ನೀವು ಇದನ್ನ ನಂಬತೀರಿ, ಅದಕ್ಕ ಓದೂದಿಲ್ಲ. ನಾ ನಂಬೂದಿಲ್ಲ. ನನಗ ಓದಲಾರದs ವಿಧಿ ಇಲ್ಲ. ಇದರ ಹೆಸರಿಲೆ ನಮ್ಮತ್ತಿ ತಲಿ ಬೋಳಿಸಿದ್ರು. ಇದು ನಿಮ್ಮ ಒಬ್ಬರ ಪುಸ್ತಕ ಹೆಂಗಾದೀತು?”

ನಾನು ಹಿಗ್ಗಿ ಅಮ್ಮನ ಕಡೆ ನೋಡಿದೆ. ಅಮ್ಮ ಅಳುತ್ತಿರಬಹುದು, ನಗುತ್ತಿರಬಹುದು ಎಂದುಕೊಂಡಿದ್ದೆ. ಅವಳ ಮುಖದಲ್ಲಿದ್ದದ್ದು ಕೋಪ. ಎದ್ದು ಚಪ್ಪಲಿ ಮೆಟ್ಟಿ ಹೊರಗೆ ಹೋದಳು. ರಸ್ತೆಯಲ್ಲಿ ಕಾಕೂ ಅವಳನ್ನು ಸೇರಿಕೊಂಡಾಗ ಸಿಡಿದಳು.

“ನನ್ನ ಪರವಾಗಿ ಜಗಳ ಆಡಿ ಅಂತ ನಿಮಗೆ ಯಾರಕ್ಕಾ ಹೇಳಿದ್ದು? ನಾನು ಕೇಳಿದ್ನಾ? ನಿಮಗೆ ನಿಮ್ಮ ಸೋದರತ್ತೆ ಲೆಕ್ಕ ಚುಕ್ತಾ ಮಾಡ್ಕೋಬೇಕು. ಅದಕ್ಕೆ ನನ್ನ ಹಣೆ ಬೇಕಿತ್ತಾ?”

ಕಾಕೂ ಹಾಳೆಗಳ ನಡುವಿನ ಬೆರಳು ತೆಗೆದು ಪುಸ್ತಕ ಮುಚ್ಚಿದರು. ಆಮೇಲೆ ಮೆಲ್ಲಗೆ, “ಖರೇ ಅದ” ಎಂದರು. ಕ್ಷಮೆ ಕೇಳಲಿಲ್ಲ. ಮೂವರೂ ಒಂದೇ ಆಟೋದಲ್ಲಿ ಮನೆಗೆ ಬಂದೆವು.

ಈ ಜಾಗಕ್ಕೆ ಬಂದಾಗಲೆಲ್ಲ ನನ್ನ ನೆನಪಿನ ಮೇಲೆ ನನಗೆ ನಂಬಿಕೆ ಹೋಗುತ್ತದೆ. ಅವತ್ತಿನ ಡೈರಿಯಲ್ಲಿ ನಾನು ಬರೆದಿರುವುದು ಕಾಕೂ ಗೆದ್ದದ್ದನ್ನು ಮಾತ್ರ. ಅಮ್ಮನ ಸಿಟ್ಟಿನ ಬಗ್ಗೆ ಒಂದು ಸಾಲೂ ಇಲ್ಲ. ಹದಿಹರೆಯದಲ್ಲಿ ನನಗೆ ಬೇಕಾಗಿದ್ದದ್ದು ಗೆಲುವು. ಅಪ್ಪನನ್ನು ಕಳೆದುಕೊಂಡ ಮನೆಯಲ್ಲಿ ಯಾರಾದರೂ ಯಾವುದನ್ನಾದರೂ ಗೆದ್ದರೆ ಸಾಕಾಗಿತ್ತೇನೋ… ಅಮ್ಮನ ಆ ಮಾತು ಆಮೇಲೆ, ವರ್ಷಗಳ ಮೇಲೆ, ಅವಳೇ ನೆನಪಿಸಿದ್ದು.

ಕೆಲವು ದಿನ ಮೇಲಿನ ಮನೆಗೂ ಕೆಳಗಿನ ಮನೆಗೂ ಮಾತಿರಲಿಲ್ಲ. ಒಂದು ಸಂಜೆ ಅಮ್ಮ ಮೆಟ್ಟಿಲು ಹತ್ತಿದಳು. ನಾನೂ ಹಿಂದೆಯೇ ಹೋದೆ. ಕಾಕೂ ಚಹಾ ಹಿಡಿದು ಕೂತಿದ್ದರು.

“ಆ ಪುಸ್ತಕ ಕೊಡಿ” ಎಂದಳು ಅಮ್ಮ. “ನಿಮ್ದು.”

“ಯಾಕ?”

“ಓದೋಕೆ. ಇನ್ಯಾಕೆ.”

ಅಮ್ಮ ಕುರ್ಚಿಯಲ್ಲೇ ಕೂತಳು. ಮಣೆಯಿಲ್ಲ, ದೀಪವಿಲ್ಲ, ಪೂರ್ವ ದಿಕ್ಕು ಯಾವುದೆಂದೂ ನೋಡಲಿಲ್ಲ. ಮೊದಲು ದನಿ ಒಡೆಯಿತು. ಗಂಟಲು ಸರಿಮಾಡಿಕೊಂಡು ಮತ್ತೆ ಹಿಡಿದಳು. ಒಂದು ಪದ್ಯ ಮುಗಿಯುತ್ತಿದ್ದಂತೆ ಕಾಕೂ, “ತಡೀರಿ, ತಡೀರಿ. ಈ ಮಾತಿಗೆ ಅರ್ಥ ಏನು?” ಎಂದು ಅಡ್ಡ ಬಂದರು. ಅಮ್ಮ ತನಗೆ ಹೇಳಿಕೊಟ್ಟ ಅರ್ಥ ಹೇಳಿದಳು. ಕಾಕೂ ಒಪ್ಪಲಿಲ್ಲ. ಎರಡು ನಿಘಂಟು ಇಳಿದವು. ಜಗಳ ಜೋರಾಯಿತು. ಚಹಾ ಆರಿತು. ಅಮ್ಮ ಹೇಳಿದ್ದೇ ಸರಿ ಎಂದು ತೀರ್ಮಾನವಾದಾಗ ಅವಳ ಮುಖ ನೋಡಬೇಕಿತ್ತು.

ಅಮ್ಮ ಮುಂದಿನ ಶನಿವಾರ ಪಾರಾಯಣಕ್ಕೆ ಹೋಗಿ, ಯಾರನ್ನೂ ಕೇಳದೆ, ಪೀಠದ ಮುಂದೆ ಕೂತಳು. ಅಂಟಿದ ಹಾಳೆಗಳನ್ನು ದಾಟಿ, ನಿಲ್ಲಿಸಿದ್ದ ಅಧ್ಯಾಯ ಬಿಡಿಸಿ ಓದಲು ಶುರುಮಾಡಿದಳು. ಇಬ್ಬರು ಹೆಂಗಸರು ಎದ್ದು ಹೋದರು. ಸೂಪರಿಂಟೆಂಡೆಂಟ್ ಮಾವ ಮನೆಗೆ ಹೋಗಲಿಲ್ಲ, ಮುಂದೆಯೂ ಕೂರಲಿಲ್ಲ. ಹೊರಗೆ ಜಗುಲಿಯ ಮೇಲೆ ಕೂತು ಕೊನೆಯವರೆಗೂ ಕೇಳಿ ಎದ್ದು ಹೋದರು. ಕೆಲವು ಮನೆಗಳವರು ಆಮೇಲೆ ಬರುವುದನ್ನು ಬಿಟ್ಟರು. ಗುಂಪು ಚಿಕ್ಕದಾಯಿತು. ಮಾವ ಮಾತ್ರ ಬರುತ್ತಲೇ ಇದ್ದರು, ಜಗುಲಿಯಲ್ಲೇ ಕೂರುತ್ತಿದ್ದರು. ಅವರ ಕೇಸರಿಬಾತನ್ನು ಕಾಕೂ ತಾವೇ ಒಯ್ದು ಕೊಡುತ್ತಿದ್ದರು.

ಕಾಕೂ ಹಾಳೆ ತೋರಿಸಿದ್ದರಿಂದಲೇ ಅಮ್ಮ ಮತ್ತೆ ಓದಿದಳು ಎಂದು ನಾನು ಬಹಳ ಕಾಲ ನಂಬಿದ್ದೆ. ಒಮ್ಮೆ ಹಾಗೆಂದು ಅವಳೆದುರೇ ಹೇಳಿದೆ. “ಅವರು ತೋರಿಸದಿದ್ರೂ ನಾನು ಓದ್ತಿದ್ದೆ. ನಿಮ್ಮಪ್ಪ ಹೋದ್ರು ಅಂತ ದೇವರು ನನ್ನ ದನಿ ಕಿತ್ಕೊಳ್ಳಲಿಲ್ಲವಲ್ಲ” ಎಂದಳು. ಅದು ಅವತ್ತಿನ ನಿಜವೋ, ಆಮೇಲೆ ಅವಳೇ ಕಟ್ಟಿಕೊಂಡ ನಿಜವೋ ನನಗೆ ತಿಳಿಯದು. ಆದರೆ ದೇವರನ್ನು ನಂಬುವ ಅವಳೂ ನಂಬದ ಕಾಕೂವೂ ಆ ಮಾತಿನಲ್ಲಿ ಒಂದೇ ಕಡೆ ನಿಂತಿದ್ದಾರೆ ಎನ್ನಿಸುತ್ತದೆ.

ಮೇಲಿನ ಮನೆಯ ಓದು ವರ್ಷಗಟ್ಟಲೆ ನಡೆಯಿತು. ಪುರಾಣ ಮುಗಿದ ಮೇಲೆ ಉಪನಿಷತ್ತು, ಆಮೇಲೆ ಬೇರೆ ಧರ್ಮದವರ ಗ್ರಂಥಗಳು. ಎಲ್ಲವನ್ನೂ ಕಳೆದುಕೊಂಡು ಬೂದಿಯಲ್ಲಿ ಕೂತು ದೇವರಿಗೇ ಲೆಕ್ಕ ಕೇಳಿದ ಮನುಷ್ಯನ ಕಥೆಯನ್ನು ಕಾಕೂ ಇಂಗ್ಲಿಷಿನಿಂದ ಹೇಳಿದಾಗ ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಇಬ್ಬರಿಗೂ ಇಷ್ಟವಾದದ್ದು ಮಾತ್ರ ಒಂದೇ. ಹಾಲು ಬತ್ತಿದ ಹಸುಗಳನ್ನು ದಾನ ಮಾಡುತ್ತಿದ್ದ ಅಪ್ಪನನ್ನು ಪ್ರಶ್ನಿಸಿ, ಸಾವಿನ ಮನೆಗೇ ಹೋಗಿ ಬಾಗಿಲಲ್ಲಿ ಕಾದು ಕೂತ ಹುಡುಗನ ಕಥೆ. ಸಾವು ಅವನಿಗೆ ಬಂಗಾರ ಕೊಡುತ್ತೇನೆ, ರಾಜ್ಯ ಕೊಡುತ್ತೇನೆ ಎನ್ನುತ್ತದೆ. ಅವನು ಅದೆಲ್ಲ ಬೇಡ, ಕೇಳಿದ್ದಕ್ಕೆ ಉತ್ತರ ಕೊಡು ಎನ್ನುತ್ತಾನೆ. ಅಲ್ಲಿಗೆ ಬಂದಾಗಲೆಲ್ಲ ಕಾಕೂ ತಪ್ಪದೆ ಅಡ್ಡ ಹಾಕುತ್ತಿದ್ದರು. “ತಡೀರಿ. ಇನ್ನೊಮ್ಮೆ ಓದ್ರಿ. ಶಾಬ್ಬಾಸ್ ಮಗನ!”

ನಾನು ಓದು ಮುಗಿಸಿ ಕೆಲಸ ಹಿಡಿದು ಕೊಚ್ಚಿಗೆ ಬಂದೆ. ಅಮ್ಮ ನಿವೃತ್ತಳಾಗಿ ನನ್ನ ಜತೆಗೇ ಬಂದಳು. ಕಾಕೂ ಅಲ್ಲೇ ಉಳಿದರು. ಕೆಲವು ವರ್ಷಗಳ ಹಿಂದೆ ಮಾಲೀಕರ ಹೆಂಡತಿ ಫೋನ್ ಮಾಡಿದರು. ನಾವು ರೈಲು ಹಿಡಿದು ಹೋಗುವಷ್ಟರಲ್ಲಿ, ಕಾಕೂ ಬರೆದಿಟ್ಟಿದ್ದಂತೆ, ದೇಹವನ್ನು ವೈದ್ಯಕೀಯ ಕಾಲೇಜಿನವರು ಒಯ್ದಿದ್ದರು. ವಿಧಿಯಿಲ್ಲ, ಬೂದಿಯಿಲ್ಲ. ಪಿಂಡವಿಲ್ಲ, ಕಾಗೆಯಿಲ್ಲ. ನನಗೆ ಅವರ ಬಗ್ಗೆ ಹೆಮ್ಮೆಯಾಯಿತು. ಅಮ್ಮನಿಗೆ ಮಾತ್ರ ಕೈ ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ. ಹೂವು ತಂದಿದ್ದಳು, ಅದನ್ನು ಇಡಲು ಏನೂ ಇರಲಿಲ್ಲ.

ಮೇಲಿನ ಮನೆಗೆ ಹತ್ತಿದೆವು. ಅಮ್ಮ ಕಪಾಟು ತೆಗೆದಳು. ಬಜೆಯ ಘಾಟು ಹೊರಗೆ ಬಂತು. ಆ ಹುಡುಗನ ಕಥೆಯಿರುವ ಉಪನಿಷತ್ತನ್ನು ಹುಡುಕಿ ತೆಗೆದು, ತನ್ನ ಹಳೆಯ ಕುರ್ಚಿಯಲ್ಲಿ ಕೂತಳು. ಇದು ಕಾಕೂಗೆ ಸರಿಬರುತ್ತದೆಯೇ ಎಂದು ನಾನು ಬಾಯಿ ತೆರೆದೆ. ಅಮ್ಮ ನನ್ನನ್ನು ನೋಡಿದ ರೀತಿಗೆ ಸುಮ್ಮನಾದೆ. “ಶ್ರಾದ್ಧ ಅಲ್ಲ ಇದು. ಓದು” ಎಂದಳು.

ಆ ಹುಡುಗ ಸಾವಿನ ಮನೆ ಮುಟ್ಟಿದ. ಕಾದ. ಬಂಗಾರ ಬೇಡ ಎಂದ. ಕೇಳಿದ್ದಕ್ಕೆ ಉತ್ತರ ಕೊಡು ಎಂದ. ಅಲ್ಲಿಗೆ ಬಂದು ಅಮ್ಮ ನಿಲ್ಲಿಸಿದಳು. ಪುಸ್ತಕದಿಂದ ತಲೆಯೆತ್ತದೆ ಕಾದಳು… ಕಾಕೂ ಅಡ್ಡ ಹಾಕಬೇಕಾದ ಜಾಗ. ಹೊರಗೆ ಯಾರೋ ಸ್ಕೂಟರ್ ಸ್ಟಾರ್ಟ್ ಮಾಡಿದರು. ಅಮ್ಮ ಅದೇ ಸಾಲನ್ನು ಇನ್ನೊಮ್ಮೆ ಓದಿ, ಮುಂದಕ್ಕೆ ಹೋದಳು.

ಆ ಪುಸ್ತಕಗಳನ್ನೆಲ್ಲ ಕಾಕೂ ನಮಗೇ ಬಿಟ್ಟಿದ್ದರು. ಈಗ ಅವು ಕೊಚ್ಚಿಯ ನಮ್ಮ ಫ್ಲ್ಯಾಟಿನಲ್ಲಿವೆ. ಇಲ್ಲಿ ಹಿನ್ನೀರಿನ ತೇವ ಹೆಚ್ಚು, ಹುಳಗಳೂ ಹೆಚ್ಚು. ಮಟ್ಟಾಂಚೇರಿಯಿಂದ ತಂದ ಬಜೆಯನ್ನು ಹಳೆಯ ಪಂಚೆಯ ತುಂಡುಗಳಲ್ಲಿ ಕಟ್ಟಿ ಸಾಲುಸಾಲಿಗೆ ಇಟ್ಟೆ.

ಸಹೋದ್ಯೋಗಿಯ ಪ್ರಶ್ನೆಗೆ ನನ್ನ ಉತ್ತರ ಇದು. ಯಾರು ಎಲ್ಲಿ ಕೂರಬೇಕು, ಯಾರು ಒಳಗೆ ಬರಬಾರದು, ಯಾರ ಅಡುಗೆ ಯಾರು ಉಣ್ಣಬಾರದು ಎಂದು ಇವತ್ತಿಗೂ ಈ ಪುಸ್ತಕಗಳ ಹೆಸರು ಹೇಳಿ ತೀರ್ಮಾನಿಸುತ್ತಾರೆ. ನಾನು ನಂಬುವುದಿಲ್ಲ ಎಂದರೆ ಆ ತೀರ್ಮಾನಗಳು ನನ್ನನ್ನು ಬಿಟ್ಟುಬಿಡುತ್ತವೆಯೇ? ಓದದೆ ದೂರವಿರುವುದು ನನ್ನ ಸ್ವಾತಂತ್ರ್ಯ ಎಂದು ಹದಿಹರೆಯದಲ್ಲಿ ತಿಳಿದಿದ್ದೆ. ಹಾಗೆ ದೂರವಿದ್ದರೆ ಪುಸ್ತಕವನ್ನು ಸೀರೆ ಅಂಗಡಿಯವರ ಕೈಗೆ ಬಿಟ್ಟುಕೊಟ್ಟಂತೆ. ನಾನು ಬಿಡುವುದಿಲ್ಲ. ಅಷ್ಟೇ ಅಲ್ಲ, ಅದರಲ್ಲಿ ಆ ಹುಡುಗನೂ ಇದ್ದಾನೆ. ಅವನನ್ನೂ ಬಿಟ್ಟುಕೊಡುವುದಿಲ್ಲ.

ಸಂಜೆ ಅಮ್ಮ ದೀಪ ಹಚ್ಚಿ, ಆಮೇಲೆ ಮೈಸೂರಿನಿಂದ ತರಿಸಿಕೊಂಡ ತನ್ನದೇ ಪುರಾಣದ ಪ್ರತಿ ತೆಗೆದುಕೊಳ್ಳುತ್ತಾಳೆ. ನಾನು ಎದುರಿಗೆ, ದೀಪದ ಆಚೆ, ಕಾಕೂ ಪ್ರತಿ ಹಿಡಿದು ಕೂರುತ್ತೇನೆ. ನಿನ್ನೆ ಒಂದು ಕಡೆ ನಾನು “ಅಮ್ಮಾ, ತಡಿ, ಈ ಅರ್ಥ ಎಲ್ಲಿದೆ, ತೋರಿಸು” ಎಂದೆ. ಅಮ್ಮ ಕನ್ನಡಕ ಸರಿಸಿ ನನ್ನನ್ನೇ ನೋಡಿದಳು.

“ಕೇಳೋದು ಕೇಳ್ತೀಯ. ಆದ್ರೆ ಅವರ ಹಾಗೆ ಕೇಳೋಕೆ ನಿನಗೆ ಬರಲ್ಲ ಕಣೇ.”

ಹೌದು, ಬರುವುದಿಲ್ಲ. ಅಮ್ಮ ಪುಸ್ತಕವನ್ನು ತಿರುಗಿಸಿ ನನ್ನ ಕಡೆ ಹಿಡಿದಳು, ಬೆರಳು ಸಾಲಿನ ಮೇಲಿತ್ತು. ಅಲ್ಲಿಂದ ಜಗಳ ಶುರುವಾಯಿತು.